ಜಪಸರವನ್ನು ಗುರುತಿಸಿದ ಮನೆಗಳು: ಸಂತ ಜೋಸೆಫ್ ವಾಝರ ಜೀವನ ನಮ್ಮ ಕುಟುಂಬಗಳಿಗೆ ಕಲಿಸುವ ಪಾಠ

ಪ್ರತಿ ವರ್ಷ ಜನವರಿ 16ರಂದು ನಾವು ಸಂತ ಜೋಸೆಫ್ ವಾಝರ ಹಬ್ಬವನ್ನು ಆಚರಿಸುತ್ತೇವೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಇಗರ್ಜಿಗಳಿಂದ ಎಷ್ಟೋ ಕುಟುಂಬಗಳು ಮುಡಿಪು ಗುಡ್ಡದ ಅವರ ಪುಣ್ಯಕ್ಷೇತ್ರಕ್ಕೆ ಹೋಗುತ್ತವೆ, ಮೇಣದ ಬತ್ತಿ ಉರಿಸಿ, ತಮ್ಮ ಬೇಡಿಕೆಗಳನ್ನು ಹೇಳಿಕೊಂಡು ಹಿಂತಿರುಗುತ್ತವೆ. ಮಕ್ಕಳ ಪರೀಕ್ಷೆ, ಮಗಳ ಮದುವೆ, ಗಲ್ಫಿನಲ್ಲಿರುವ ಮಗನ ಕೆಲಸ, ಮುದಿ ತಾಯಿಯ ಕಾಯಿಲೆ, ಹೀಗೆ ಬೇಡಿಕೆಗಳಿಗೆ ಕೊನೆಯಿಲ್ಲ. ಬೇಡುವುದು ತಪ್ಪಲ್ಲ. ಆದರೆ ಈ ಸಂತರು ನಮ್ಮಿಂದ ಏನನ್ನು ಬೇಡುತ್ತಾರೆ ಎಂಬುದನ್ನು ನಾವು ಎಂದಾದರೂ ಯೋಚಿಸಿದ್ದೇವೆಯೇ?

ಜೋಸೆಫ್ ವಾಝರನ್ನು ನಾವು ಶ್ರೀಲಂಕೆಯ ಅಪೊಸ್ತಲರೆಂದು ಕರೆಯುತ್ತೇವೆ. ಬರಿಗಾಲಿನಲ್ಲಿ ನಡೆದ ತಪಸ್ವಿ, ಪವಾಡ ಪುರುಷ, ಮಾತೆ ಮರಿಯಮ್ಮನವರ ಗುಲಾಮ ಎಂದೆಲ್ಲ ಅವರನ್ನು ಕೊಂಡಾಡುತ್ತೇವೆ. ಇದೆಲ್ಲವೂ ನಿಜ. ಆದರೆ ಅವರ ಜೀವನವನ್ನು ನಿಧಾನವಾಗಿ ಓದಿದರೆ ಇನ್ನೊಂದು ಸತ್ಯ ಕಣ್ಣಿಗೆ ಬೀಳುತ್ತದೆ. ಅವರ ಕೆಲಸ ಫಲಿಸಿದ್ದು ಅವರಿಗಿಂತ ಮೊದಲೇ ಹೆಸರಿಲ್ಲದ ಸಾವಿರಾರು ತಂದೆತಾಯಂದಿರು ತಮ್ಮ ಮನೆಗಳಲ್ಲಿ ಬೀಜ ಬಿತ್ತಿದ್ದರಿಂದ. ಆ ಕಥೆಯನ್ನು ಈ ವಾರ ನಮ್ಮ ಕುಟುಂಬಗಳೊಂದಿಗೆ ಹಂಚಿಕೊಳ್ಳುವ ಆಸೆ.

ಬಾಣಾವಳಿಯ ಮಗು

ಜೋಸೆಫ್ ವಾಝ್ ಹುಟ್ಟಿದ್ದು 1651ರ ಎಪ್ರಿಲ್ 21ರಂದು, ಗೋವೆಯ ಸಾಷ್ಟಿ ಸೀಮೆಯ ಬಾಣಾವಳಿಯಲ್ಲಿ. ಅದು ತಾಯಿ ಮರಿಯಾ ದೆ ಮಿರಾಂದಾರ ತವರು. ತಂದೆ ಕ್ರಿಸ್ತೊವಾಂವ್ ವಾಝ್ ಸಾಂಕ್ವಾಳ್ ಊರಿನವರು. ಆರು ಮಕ್ಕಳಲ್ಲಿ ಜೋಸೆಫ್ ಮೂರನೆಯವರು. ಹುಟ್ಟಿದ ಎಂಟನೆಯ ದಿನ ಬಾಣಾವಳಿಯ ಸ್ನಾನಿಕ ಸಂತ ಯೊವಾನ್ನರ ಇಗರ್ಜಿಯಲ್ಲಿ ಅವರಿಗೆ ಜ್ಞಾನಸ್ನಾನವಾಯಿತು.

ಸಾಷ್ಟಿಯಲ್ಲಿ ಕ್ರೈಸ್ತ ವಿಶ್ವಾಸ ಬೇರೂರತೊಡಗಿದ್ದು 1560ರ ನಂತರ. ಅಂದರೆ ಜೋಸೆಫ್ ಹುಟ್ಟುವಾಗ ಅಲ್ಲಿ ಸುವಾರ್ತೆಗೆ ಇನ್ನೂ ನೂರು ವರ್ಷ ತುಂಬಿರಲಿಲ್ಲ. ಇಷ್ಟು ಕಡಿಮೆ ಅವಧಿಯಲ್ಲಿ ಆ ಮಣ್ಣಿನಿಂದ ಒಬ್ಬ ಸಂತ ಹುಟ್ಟಬೇಕಾದರೆ ನಡುವಿನ ತಲೆಮಾರುಗಳ ಮನೆಗಳಲ್ಲಿ ಏನು ನಡೆದಿರಬೇಕು! ತಾಯಿ ಮಗುವಿನ ಕೈ ಹಿಡಿದು ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿಸುವುದು, ಅಪ್ಪ ದಣಿದು ಬಂದರೂ ಮೊಣಕಾಲೂರುವುದು, ಇಂತಹ ಸಣ್ಣ ಕೆಲಸಗಳನ್ನು ಯಾವ ಚರಿತ್ರೆಯ ಪುಸ್ತಕವೂ ಬರೆದಿಡುವುದಿಲ್ಲ. ಆದರೆ ಸಂತರು ಬೆಳೆಯುವುದು ಇದರಿಂದಲೇ. ಎಳೆಯ ಜೋಸೆಫ್ ಪ್ರಾರ್ಥನೆಯಲ್ಲಿ ಒಲವು, ಬಡವರಲ್ಲಿ ಕನಿಕರ ಉಳ್ಳ ಹುಡುಗನಾಗಿ ಬೆಳೆದ.

ಸಾಂಕ್ವಾಳದಲ್ಲಿ ಪೋರ್ತುಗೀಸ್ ಭಾಷೆ, ಬಾಣಾವಳಿಯಲ್ಲಿ ಲತೀನ್ ಕಲಿತ ಬಳಿಕ ಜೋಸೆಫರು ಗೋವಾ ಪಟ್ಟಣದ ಯೇಸುಸಭೆಯವರ ಸಂತ ಪೌಲರ ಕಾಲೇಜಿನಲ್ಲೂ, ದೊಮಿನಿಕನ್ ಸಭೆಯವರ ಸಂತ ತೋಮಸ್ ಅಕ್ವಿನಾಸರ ವಿದ್ಯಾಲಯದಲ್ಲೂ ಓದಿದರು. 1676ರಲ್ಲಿ ಗುರುದೀಕ್ಷೆ ಪಡೆದರು. ಬಡವರಂತೆಯೇ ಬದುಕಬೇಕೆಂದು ಪಾದರಕ್ಷೆ ಬಿಟ್ಟರು. ಪ್ರವಚನ ಕೇಳಲು, ಪಾಪನಿವೇದನೆ ಮಾಡಲು ಜನ ಅವರನ್ನು ಹುಡುಕಿಕೊಂಡು ಬರತೊಡಗಿದರು. ಸಾಂಕ್ವಾಳದಲ್ಲಿ ಹುಡುಗರಿಗಾಗಿ ಒಂದು ಲತೀನ್ ಶಾಲೆಯನ್ನೂ ನಡೆಸಿದರು. 1677ರ ಆಗೋಸ್ತ್ 5ರಂದು ತಮ್ಮನ್ನು ಮಾತೆ ಮರಿಯಮ್ಮನವರ ಗುಲಾಮನಾಗಿ ಒಪ್ಪಿಸಿಕೊಂಡು ಪತ್ರ ಬರೆದು ಸಹಿ ಮಾಡಿದರು.

ಆ ದಿನಗಳಲ್ಲೇ ಸಿಲೋನಿನ ಸುದ್ದಿ ಅವರ ಕಿವಿಗೆ ಬಿತ್ತು. ಡಚ್ಚರು 1656ರಲ್ಲಿ ಕೊಲಂಬೊವನ್ನೂ 1658ರಲ್ಲಿ ಜಾಫ್ನಾವನ್ನೂ ಪೋರ್ತುಗೀಸರಿಂದ ಕಿತ್ತುಕೊಂಡಿದ್ದರು. ಕಥೊಲಿಕ ಧರ್ಮಗುರುಗಳನ್ನು ಅಲ್ಲಿಂದ ಹೊರಗಟ್ಟಲಾಗಿತ್ತು. ಕುರುಬರಿಲ್ಲದ ಆ ಮಂದೆಯ ಚಿಂತೆ ಯುವ ಗುರುವಿನ ಎದೆಯನ್ನು ಕೊರೆಯತೊಡಗಿತು. ಆದರೆ ಹಿರಿಯರು ಮೊದಲು ಅವರನ್ನು ಕಳುಹಿಸಿದ್ದು ಬೇರೊಂದು ನಾಡಿಗೆ. ಅದು ನಮ್ಮ ನಾಡು.

ನಮ್ಮ ಮಣ್ಣಿನಲ್ಲಿ ಮೂರು ವರ್ಷ

1681ರಲ್ಲಿ ಜೋಸೆಫ್ ವಾಝ್ ಕೆನರಾ ಪ್ರಾಂತ್ಯದ ಮಿಶನಿನ ಮುಖ್ಯಸ್ಥರಾಗಿ ಬಂದರು. ಆಗ ಈ ಕರಾವಳಿ ಕೆಳದಿಯ ಅರಸರ ಆಳ್ವಿಕೆಯಲ್ಲಿತ್ತು. 1672ರಿಂದ 1697ರವರೆಗೆ ರಾಣಿ ಚೆನ್ನಮ್ಮ ಆಳಿದ ಕಾಲ ಅದು. ಗೋವೆಯಿಂದ ಬಂದು ನೆಲೆಸಿದ್ದ ಕ್ರೈಸ್ತ ಕುಟುಂಬಗಳು ಹೊಳೆದಂಡೆಗಳಲ್ಲಿ, ಬೈಲುಗಳಲ್ಲಿ, ಗುಡ್ಡದ ಬುಡಗಳಲ್ಲಿ ಚದರಿಹೋಗಿದ್ದವು. ಇಗರ್ಜಿಗಳು ಕೆಲವೇ ಕೆಲವು, ಗುರುಗಳು ಇನ್ನೂ ಕಡಿಮೆ.

ಇದಲ್ಲದೆ ಇನ್ನೊಂದು ಸಂಕಟವೂ ಇತ್ತು. ಪೋರ್ತುಗಲ್ ಅರಸರ ಪದ್ರೊವಾದೊ ಹಕ್ಕಿನ ಕೆಳಗಿದ್ದ ಗೋವೆಯ ಅಧಿಕಾರ ಒಂದು ಕಡೆ, ರೋಮಿನಿಂದ ನೇಮಕಗೊಂಡ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಇನ್ನೊಂದು ಕಡೆ. ಯಾರ ಕೈಯಿಂದ ಸಂಸ್ಕಾರ ಪಡೆಯುವುದು, ಯಾರ ಮಾತು ಕೇಳುವುದು ಎಂದು ಜನ ಎರಡು ಪಾಲಾಗಿದ್ದರು. ಹಿರಿಯರ ಜಗಳದಲ್ಲಿ ನಷ್ಟವಾಗುವುದು ಮಕ್ಕಳಿಗೆ. ಇದು ಅಂದೂ ನಿಜ, ಇಂದೂ ನಿಜ. ಫಾದರ್ ವಾಝ್ ಈ ಜಗಳಕ್ಕೆ ಎಣ್ಣೆ ಹೊಯ್ಯಲಿಲ್ಲ. ತಮ್ಮ ವಿನಯದಿಂದ ಸಮಾಧಾನಕ್ಕಾಗಿ ದುಡಿದರು. ಊರಿಂದೂರಿಗೆ ನಡೆದರು, ಮನೆಯಿಂದ ಮನೆಗೆ ಹೋದರು. ಮಕ್ಕಳಿಗೆ ಧರ್ಮೋಪದೇಶ ಕಲಿಸಿದರು, ಪಾಪನಿವೇದನೆ ಕೇಳಿದರು, ಭಕ್ತಿ ಸಂಘಗಳನ್ನು ಕಟ್ಟಿದರು, ಶಾಲೆಗಳನ್ನು ತೆರೆದರು.

ಮುಡಿಪಿನ ಕಥೆ ನಮ್ಮ ಅಜ್ಜಿಯಂದಿರ ಬಾಯಲ್ಲಿ ಉಳಿದು ಬಂದದ್ದು. ರೋಗಿಯೊಬ್ಬರಿಗೆ ಅಂತ್ಯ ಸಂಸ್ಕಾರ ಕೊಡಬೇಕೆಂದು ರಾತ್ರಿ ಹೊತ್ತು ಕೆಲವರು ಅವರನ್ನು ಕರೆದೊಯ್ದರಂತೆ. ನಿಜಕ್ಕೂ ಅದು ಅವರನ್ನು ಕೊಲ್ಲುವ ಹೊಂಚು. ನಿರ್ಜನವಾದ ಗುಡ್ಡದಲ್ಲಿ ಅವರು ಮೊಣಕಾಲೂರಿ ಪ್ರಾರ್ಥಿಸಿದಾಗ ಬಂಡೆಯಿಂದ ನೀರು ಚಿಮ್ಮಿತೆಂದೂ, ಕೊಲ್ಲಲು ಬಂದವರು ಬೆದರಿದರೆಂದೂ ಹೇಳುತ್ತಾರೆ. ಬಹುಕಾಲ ಬಂಟ್ವಾಳ ತಾಲೂಕಿಗೆ ಸೇರಿದ್ದ ಆ ಜಾಗದಲ್ಲಿ ಆ ಕಲ್ಲನ್ನೂ ನೀರನ್ನೂ ಇಂದಿಗೂ ಭಕ್ತರು ಭಯಭಕ್ತಿಯಿಂದ ನೋಡುತ್ತಾರೆ. ಈ ಕಥೆಯಲ್ಲಿ ನಾವು ಸಾಮಾನ್ಯವಾಗಿ ನೀರಿನ ಪವಾಡವನ್ನು ಮಾತ್ರ ನೆನಪಿಡುತ್ತೇವೆ. ಆದರೆ ಒಂದು ಮನೆಯಲ್ಲಿ ಒಬ್ಬ ರೋಗಿ ಇದ್ದಾನೆ ಎಂದು ಕೇಳಿದಾಕ್ಷಣ ಕತ್ತಲೆಯನ್ನೂ ಕಾಡನ್ನೂ ಲೆಕ್ಕಿಸದೆ ಅವರು ಎದ್ದು ಹೊರಟರಲ್ಲ, ಅದು ಸಣ್ಣ ಮಾತೇ?

1684ರಲ್ಲಿ ಅವರು ಗೋವೆಗೆ ಮರಳಿದರು. ಮರುವರ್ಷ ಹಳೆ ಗೋವೆಯ ಪವಾಡಗಳ ಪವಿತ್ರ ಶಿಲುಬೆಯ ಇಗರ್ಜಿಯಲ್ಲಿ ಕೂಡಿ ಬಾಳುತ್ತಿದ್ದ ಕೆಲವು ಸ್ಥಳೀಯ ಗುರುಗಳನ್ನು ಸೇರಿಕೊಂಡು, ಸಂತ ಫಿಲಿಪ್ ನೇರಿಯವರ ಮಾದರಿಯಲ್ಲಿ ಒರೆಟರಿ ಸಂಸ್ಥೆಯಾಗಿ ಅದನ್ನು ರೂಪಿಸಿದರು. ಅವರೇ ಅದರ ಮುಖ್ಯಸ್ಥರಾದರು. ಆದರೆ ಎದೆಯೊಳಗಿನ ಸಿಲೋನಿನ ಕರೆ ಸುಮ್ಮನಿರಲಿಲ್ಲ. 1686ರಲ್ಲಿ ಆ ಪದವಿಯನ್ನು ಬಿಟ್ಟು, ಜುವಾಂವ್ ಎಂಬ ನಂಬಿಗಸ್ತ ಸೇವಕನನ್ನು ಜೊತೆಗೆ ಕರೆದುಕೊಂಡು ದಕ್ಷಿಣಕ್ಕೆ ಹೊರಟರು.

ಕೊರಳಲ್ಲಿ ಜಪಸರ, ಕೈಯಲ್ಲಿ ಭಿಕ್ಷಾಪಾತ್ರೆ

1687ರಲ್ಲಿ ತೂತುಕುಡಿಯಿಂದ ಹಡಗು ಹತ್ತಿದರು. ಗುರುವಿನ ವೇಷದಲ್ಲಿ ಹೋಗುವಂತಿರಲಿಲ್ಲ. ಕಥೊಲಿಕ ಗುರುಗಳಿಗೆ ಆಶ್ರಯ ಕೊಟ್ಟವರಿಗೆ ಮರಣದಂಡನೆ ಎಂದು ಡಚ್ಚರು ಸಾರಿದ್ದರು. ಆದ್ದರಿಂದ ಅವರು ಕೂಲಿಯಾಳಿನಂತೆ, ಭಿಕ್ಷುಕನಂತೆ ಹೋದರು. ದಾರಿಯಲ್ಲಿ ಹಸಿವು, ಬಾಯಾರಿಕೆ. ಜಾಫ್ನಾ ಮುಟ್ಟುವಷ್ಟರಲ್ಲಿ ಭೇದಿಯಿಂದ ನೆಲ ಹಿಡಿದರು. ಅಂಟು ರೋಗವೆಂದು ಹೆದರಿ ಜನ ದೂರ ಸರಿದರು. ಆಗ ಒಬ್ಬ ಹೆಂಗಸು ಅವರಿಗೂ ಜುವಾಂವನಿಗೂ ಗಂಜಿ ತಂದುಕೊಟ್ಟು ಬದುಕಿಸಿದಳೆಂದು ಅವರ ಚರಿತ್ರೆಯಲ್ಲಿ ಬರುತ್ತದೆ. ಅವಳ ಹೆಸರು ನಮಗೆ ಬೇಡ, ದೇವರ ಪುಸ್ತಕದಲ್ಲಿ ಬರೆದಿದೆ.

ಸ್ವಲ್ಪ ಚೇತರಿಸಿಕೊಂಡ ಮೇಲೆ ದೊಡ್ಡ ಪ್ರಶ್ನೆ ಎದುರಾಯಿತು. ಕಥೊಲಿಕರು ಎಲ್ಲಿದ್ದಾರೆ? ಯಾರನ್ನು ಕೇಳುವುದು? ಕೇಳಿದರೆ ಸಿಕ್ಕಿಬೀಳುವ ಭಯ. ಉತ್ತರ ಕೊಡುವವರಿಗೂ ಭಯ. ಹೊರಗೆ ನೋಡಿದರೆ ಎಲ್ಲರೂ ಒಂದೇ. ಡಚ್ಚರ ಪಂಥದ ದೇವಾಲಯಕ್ಕೆ ಹೋಗಬೇಕು, ಮಕ್ಕಳನ್ನು ಅವರ ಶಾಲೆಗೆ ಕಳುಹಿಸಬೇಕು, ಇಲ್ಲದಿದ್ದರೆ ದಂಡ.

ಆಗ ಫಾದರ್ ವಾಝ್ ಒಂದು ಉಪಾಯ ಮಾಡಿದರು. ಜಪಸರವನ್ನು ಕೊರಳಿಗೆ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಬಾಗಿಲಲ್ಲಿ ನಿಂತು, ಅನ್ನ ಹಾಕಲು ಬಂದವರ ಮುಖವನ್ನೇ ಗಮನಿಸಿದರು. ಜಪಸರವನ್ನು ಕಂಡು ಯಾರ ಕಣ್ಣು ಅರಳುತ್ತದೆ, ಯಾರ ಕೈ ಒಂದು ಕ್ಷಣ ತಡೆಯುತ್ತದೆ ಎಂದು ನೋಡಿದರು. ಹಾಗೆ ಗುರುತು ಸಿಕ್ಕಿದ ಮನೆಗಳಿಗೆ ತಾವು ಯಾರೆಂಬುದನ್ನು ಗುಟ್ಟಾಗಿ ತಿಳಿಸಿದರು. ಒಂದು ಮನೆಯಿಂದ ಇನ್ನೊಂದು ಮನೆಗೆ ಸುದ್ದಿ ಹರಡಿತು. ಕತ್ತಲಾದ ಮೇಲೆ ಜನ ಸೇರಿದರು, ವರ್ಷಾನುವರ್ಷಗಳ ಬಳಿಕ ಆ ಮಣ್ಣಿನಲ್ಲಿ ಬಲಿಪೂಜೆ ನಡೆಯಿತು.

ಪ್ರಿಯ ತಂದೆತಾಯಂದಿರೇ, ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕೋಣ. ಜಾಫ್ನಾ ಡಚ್ಚರ ಕೈಸೇರಿದ್ದು 1658ರಲ್ಲಿ. ವಾಝರು ಬಂದದ್ದು 1687ರಲ್ಲಿ. ನಡುವೆ 29 ವರ್ಷ. 1658ರಲ್ಲಿ ಹತ್ತು ವರ್ಷದವನಾಗಿದ್ದ ಹುಡುಗನಿಗೆ 1687ರಲ್ಲಿ 39 ವರ್ಷ. ಅವನೂ ಈಗ ಮಕ್ಕಳೊಂದಿಗ. ಆ ಮಕ್ಕಳು ಇಗರ್ಜಿಯ ಗಂಟೆ ಕೇಳಿದವರಲ್ಲ, ಧರ್ಮೋಪದೇಶದ ತರಗತಿ ಕಂಡವರಲ್ಲ. ಅವರಿಗೆ ಜಪಸರ ಎಂದರೇನು ಎಂದು ಗೊತ್ತಿದ್ದರೆ ಅದು ಅಪ್ಪ ಅಮ್ಮ ಹೇಳಿಕೊಟ್ಟದ್ದರಿಂದ ಮಾತ್ರ. ಬಾಗಿಲು ಹಾಕಿ, ದನಿ ತಗ್ಗಿಸಿ, ಯಾರಾದರೂ ಕೇಳಿಯಾರು ಎಂಬ ಅಂಜಿಕೆಯಲ್ಲಿ ಅವರು ಹೇಳಿಕೊಟ್ಟಿದ್ದರು.

ಒಂದೇ ಒಂದು ತಲೆಮಾರು ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು? ಸಂತರು ಅದೇ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಅವರ ಕೊರಳಲ್ಲಿ ಅದೇ ಜಪಸರ ಇರುತ್ತಿತ್ತು. ಒಳಗಿನಿಂದ ಬಂದವರು ಹಿಡಿ ಅನ್ನ ಹಾಕಿ, ಮಣಿಸರ ಹಾಕಿದ ಯಾವನೋ ಭಿಕ್ಷುಕ ಎಂದುಕೊಂಡು ಬಾಗಿಲು ಹಾಕುತ್ತಿದ್ದರು. ಅಷ್ಟು ದೊಡ್ಡ ಸಂತರ ಅಷ್ಟು ದೊಡ್ಡ ತ್ಯಾಗ ಆ ಹೊಸ್ತಿಲಿನಲ್ಲೇ ವ್ಯರ್ಥವಾಗುತ್ತಿತ್ತು. ಧರ್ಮಗುರು ಬಂದು ಬಾಗಿಲು ತಟ್ಟಬಹುದು. ಒಳಗಿನವರು ಗುರುತು ಹಿಡಿಯುವಂತೆ ಮಾಡುವುದು ಮನೆಯ ಕೆಲಸ.

ಎಲ್ಲ ಮನೆಗಳೂ ಹೀಗೆ ಗಟ್ಟಿಯಾಗಿ ನಿಂತಿರಲಿಲ್ಲ ಎಂಬುದನ್ನೂ ಹೇಳಬೇಕು. ಹೆದರಿಕೆಯಿಂದಲೋ, ಹೊಟ್ಟೆಪಾಡಿಗಾಗಿಯೋ ಬಿಟ್ಟುಕೊಟ್ಟವರು ಬಹಳ ಮಂದಿ ಇದ್ದರು. ವಾಝರು ಅವರನ್ನು ಹೀಯಾಳಿಸಲಿಲ್ಲ. ಹತ್ತಿರ ಕರೆದು, ಕಣ್ಣೀರು ಒರೆಸಿ, ದೇವರೊಂದಿಗೆ ರಾಜಿ ಮಾಡಿಸಿದರು. ಪ್ರಾರ್ಥನೆ ನಿಂತುಹೋದ ನಮ್ಮ ಮನೆಗಳಿಗೂ ಇದು ಸಮಾಧಾನದ ಮಾತು. ತಡವಾಗಿದೆ ನಿಜ, ಆದರೆ ಮುಗಿದುಹೋಗಿಲ್ಲ.

ವಿಶ್ವಾಸಕ್ಕೆ ತೆತ್ತ ಬೆಲೆ

ಜಾಫ್ನಾ ಸಮೀಪದ ಸಿಲ್ಲಾಲೆ ಎಂಬ ಹಳ್ಳಿಯ ಕಥೊಲಿಕರು ಅವರನ್ನು ತಮ್ಮ ನಡುವೆ ಬಚ್ಚಿಟ್ಟುಕೊಂಡರು. ಹಗಲೆಲ್ಲ ಅಡಗಿದ್ದು, ರಾತ್ರಿಯಲ್ಲಿ ಅವರು ಊರೂರು ತಿರುಗಿದರು. ಒಂದು ಕ್ರಿಸ್ಮಸ್ ಹಬ್ಬದ ರಾತ್ರಿ ಬಲಿಪೂಜೆಗೆಂದು ಸೇರಿದ್ದ ಕಥೊಲಿಕರ ಮೇಲೆ ಡಚ್ಚರ ಸೈನಿಕರು ಎರಗಿದರು. ವಾಝರು ಕೈಗೆ ಸಿಗಲಿಲ್ಲ. ಸಿಕ್ಕಿದವರು ಮನೆಮಂದಿ. ಅವರಲ್ಲಿ ಕೆಲವರು ಚಾವಟಿಯೇಟು ತಿಂದರು, ಸೆರೆಮನೆ ಸೇರಿದರು. ಹಾಗಿದ್ದೂ ತಮ್ಮ ಗುರುವನ್ನು ಅವರು ಹಿಡಿದುಕೊಡಲಿಲ್ಲ.

ಅಲ್ಲಿಂದ ಪುತ್ತಲಂ ದಾರಿಯಾಗಿ 1692ರಲ್ಲಿ ವಾಝರು ಕ್ಯಾಂಡಿ ಅರಸರ ಸೀಮೆಗೆ ಬಂದರು. ಅವರು ಪೋರ್ತುಗೀಸರ ಗೂಢಚಾರರೆಂದು ಯಾರೋ ಚಾಡಿ ಹೇಳಿದರು. ಅರಸ ಎರಡನೇ ವಿಮಲಧರ್ಮಸೂರ್ಯ ಅವರನ್ನು ಬಂಧನದಲ್ಲಿಟ್ಟ. ಸೆರೆಯಲ್ಲಿ ಅವರು ಸುಮ್ಮನೆ ಕೂರಲಿಲ್ಲ, ಸಿಂಹಳ ಭಾಷೆ ಕಲಿತರು. ಸಣ್ಣ ಗುಡಿಸಲನ್ನೇ ಪ್ರಾರ್ಥನಾ ಮಂದಿರ ಮಾಡಿದರು. ಊರಿನ ಕಥೊಲಿಕರು ಒಬ್ಬೊಬ್ಬರಾಗಿ ಅಲ್ಲಿಗೆ ಬರತೊಡಗಿದರು. ಭೀಕರ ಬರಗಾಲ ಬಂದಾಗ ಅರಸನ ಕೋರಿಕೆಯಂತೆ ಬಯಲಿನಲ್ಲಿ ವೇದಿಕೆ ಕಟ್ಟಿ, ಶಿಲುಬೆ ನಿಲ್ಲಿಸಿ ಅವರು ಪ್ರಾರ್ಥಿಸಿದಾಗ ಮಳೆ ಸುರಿಯಿತೆಂದು ಅವರ ಚರಿತ್ರೆ ಹೇಳುತ್ತದೆ. ಅಂದಿನಿಂದ ಬೌದ್ಧ ಅರಸ ಅವರಿಗೆ ತಿರುಗಾಡಲು, ಸುವಾರ್ತೆ ಸಾರಲು ಸ್ವಾತಂತ್ರ್ಯ ಕೊಟ್ಟ.

ಬಳಿಕ ಗೋವೆಯಿಂದ ನೆರವಿಗೆ ಬಂದ ಗುರುಗಳಲ್ಲಿ ಒಬ್ಬರು ಫಾದರ್ ಜೋಸೆಫ್ ದೆ ಕಾರ್ವಾಲೊ. ಇವರು ವಾಝರ ಸೋದರಳಿಯ. ಸಾಂಕ್ವಾಳದ ಆ ಕುಟುಂಬ ಒಬ್ಬ ಮಗನನ್ನು ದೇವರಿಗೆ ಕೊಟ್ಟು ಲೆಕ್ಕ ಮುಗಿಯಿತು ಎನ್ನಲಿಲ್ಲ, ಮುಂದಿನ ತಲೆಮಾರಿನಿಂದಲೂ ಕೊಟ್ಟಿತು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿತು. ಅರಸನೂ ಸಿರಿವಂತರೂ ಊರು ಬಿಟ್ಟರು. ರೋಗಿಗಳನ್ನು ಮನೆಯವರೇ ಕಾಡಿನಲ್ಲಿ ಬಿಟ್ಟುಹೋದರು. ಆಗ ಮಾವ ಅಳಿಯ ಇಬ್ಬರೂ ಆ ರೋಗಿಗಳಿಗೆ ಗುಡಿಸಲು ಹಾಕಿ, ಗಂಜಿ ಕುಡಿಸಿ, ಹುಣ್ಣು ತೊಳೆದು, ಸತ್ತವರನ್ನು ಮಣ್ಣು ಮಾಡಿದರು. ಕ್ರೈಸ್ತ, ಬೌದ್ಧ ಎಂದು ಭೇದ ಮಾಡಲಿಲ್ಲ. ಜಾಫ್ನಾದಲ್ಲಿ ಒಬ್ಬ ಹೆಂಗಸು ತಮಗೆ ಕೊಟ್ಟಿದ್ದ ಗಂಜಿಯ ಋಣವನ್ನು ಅವರು ಹೀಗೆ ನೂರ್ಮಡಿಯಾಗಿ ತೀರಿಸಿದರೆನ್ನಬಹುದು.

ಗುರುಗಳ ಸಂಖ್ಯೆ ಕಡಿಮೆ, ದ್ವೀಪ ದೊಡ್ಡದು. ಆದ್ದರಿಂದ ವಾಝರು ಪ್ರತಿಯೊಂದು ಊರಿನಲ್ಲೂ ಮೂಪ್ಪ ಎಂಬ ಹಿರಿಯನನ್ನು ನೇಮಿಸಿದರು. ಗುರುಗಳಿಲ್ಲದ ಭಾನುವಾರಗಳಲ್ಲಿ ಜನರನ್ನು ಸೇರಿಸಿ ಪ್ರಾರ್ಥನೆ ಹೇಳಿಸುವುದು, ಮಕ್ಕಳಿಗೆ ಧರ್ಮೋಪದೇಶ ಕಲಿಸುವುದು, ಸಾಯುವವರ ಬಳಿ ನಿಲ್ಲುವುದು ಇವನ ಹೊಣೆ. ನಮ್ಮ ವಾಡೊಗಳ ಗುರ್ಕಾರರನ್ನು ನೆನಪಿಸುವ ವ್ಯವಸ್ಥೆ ಇದು. 1705ರಲ್ಲಿ ಬಂದ ಫಾದರ್ ಜಾಕೊಮೆ ಗೊನ್ಸಾಲ್ವಿಸ್ ಸಿಂಹಳ ಮತ್ತು ತಮಿಳಿನಲ್ಲಿ ಪ್ರಾರ್ಥನೆಯ, ಧರ್ಮೋಪದೇಶದ ಪುಸ್ತಕಗಳನ್ನು ಬರೆದರು. ಮನೆಗಳಲ್ಲಿ ಜನರು ತಮ್ಮ ತಾಯ್ನುಡಿಯಲ್ಲೇ ದೇವರೊಂದಿಗೆ ಮಾತನಾಡುವಂತಾಯಿತು.

ಧರ್ಮಾಧ್ಯಕ್ಷ ಪದವಿಯ ಪ್ರಸ್ತಾಪ ಬಂದಾಗ ವಾಝರು ಬೇಡವೆಂದರು. ದುಡಿದು ಸವೆದ ಆ ದೇಹ 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಕೊನೆಯುಸಿರೆಳೆಯಿತು. ಆಗ ಅವರಿಗೆ ಅರುವತ್ತು ಕೂಡ ತುಂಬಿರಲಿಲ್ಲ. ಜಗದ್ಗುರು ಎರಡನೇ ಜಾನ್ ಪೌಲರು 1995ರ ಜನವರಿ 21ರಂದು ಕೊಲಂಬೊದಲ್ಲಿ ಅವರನ್ನು ಧನ್ಯರೆಂದು ಸಾರಿದರು. ಜಗದ್ಗುರು ಫ್ರಾನ್ಸಿಸರು 2015ರ ಜನವರಿ 14ರಂದು ಅದೇ ನಗರದಲ್ಲಿ ಅವರನ್ನು ಸಂತರ ಪಂಕ್ತಿಗೆ ಸೇರಿಸಿದರು.

ನಮ್ಮ ಹಿರಿಯರಿಗೂ ಬಂದ ಪರೀಕ್ಷೆ

ಸಿಲೋನಿನ ಕಥೆ ಸಮುದ್ರದಾಚೆಯದು ಎಂದು ನಾವು ದೂರ ಸರಿಸುವಂತಿಲ್ಲ. ವಾಝರು ನಡೆದುಹೋದ ನೂರು ವರ್ಷಗಳ ಬಳಿಕ ಇದೇ ಪರೀಕ್ಷೆ ನಮ್ಮ ಹಿರಿಯರಿಗೂ ಬಂತು. 1784ರ ಬೂದಿ ಬುಧವಾರದಂದು ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿಯಲಾಯಿತು. ಹಿರಿಯರು ಕಿರಿಯರೆನ್ನದೆ ಸಹಸ್ರಾರು ಮಂದಿ ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ನಡೆದರು. ದಾರಿಯಲ್ಲೇ ಸತ್ತವರು ಎಷ್ಟೋ. ಇಗರ್ಜಿಗಳು ನೆಲಸಮವಾದವು. ಮೂಡುಬಿದಿರೆಯ ಹೊಸಪೇಟೆ ಇಗರ್ಜಿ ಅಲ್ಲಿನ ಚೌಟ ಅರಸರ ಸ್ನೇಹದಿಂದ ಉಳಿಯಿತೆಂದು ಹೇಳುತ್ತಾರೆ. ನೆರೆಯ ಧರ್ಮದವರ ಆ ಉಪಕಾರವನ್ನು ನಾವು ಮರೆಯಬಾರದು. ಯಾರ ಮೇಲೂ ಹಗೆ ಸಾಧಿಸಲು ಈ ಚರಿತ್ರೆಯನ್ನು ನೆನೆಯುತ್ತಿಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಬಳಿಕ ಉಳಿದವರು ಊರಿಗೆ ಮರಳಿದರು. ಹದಿನೈದು ವರ್ಷ! ಅಲ್ಲಿ ಹುಟ್ಟಿದ ಮಗು ಇಗರ್ಜಿಯನ್ನು ಕಂಡಿರಲಿಲ್ಲ. ಮರಳಿ ಬಂದಾಗ ಇಗರ್ಜಿ ಇದ್ದಲ್ಲಿ ಕಲ್ಲು ಮುಳ್ಳು. ಆದರೂ ಜನ ಸೇರಿದರು, ಮತ್ತೆ ಕಟ್ಟಿದರು. ಕಟ್ಟಬೇಕೆಂಬ ಮನಸ್ಸು ಎಲ್ಲಿಂದ ಬಂತು? ಸೆರೆಯ ಗುಡಿಸಲುಗಳಲ್ಲಿ ತಾಯಂದಿರು ಮಕ್ಕಳ ಕಿವಿಯಲ್ಲಿ ಹೇಳಿದ ಪ್ರಾರ್ಥನೆಗಳಿಂದ ಎಂಬುದರಲ್ಲಿ ಸಂದೇಹವಿಲ್ಲ. ಹಾಗೆಯೇ ಕಳೆದ ಶತಮಾನದಲ್ಲಿ ಕೇರಳದಿಂದ ಬಂದು ಬೆಳ್ತಂಗಡಿಯ ಕಾಡಂಚಿನಲ್ಲಿ ಕೃಷಿ ಮಾಡಿ ನೆಲೆಸಿದ ಸಿರೋ ಮಲಬಾರ್ ಕುಟುಂಬಗಳೂ ತಮ್ಮ ವಿಶ್ವಾಸವನ್ನು ಜೊತೆಗೆ ತಂದವು. 1999ರಲ್ಲಿ ಅವರಿಗೊಂದು ಧರ್ಮಪ್ರಾಂತ್ಯವೇ ಆಯಿತು. ಅದರ ಅಡಿಗಲ್ಲು ಇರುವುದೂ ಮನೆಗಳ ಸಂಜೆಯ ಪ್ರಾರ್ಥನೆಯಲ್ಲೇ.

ನಾವೇನು ಮಾಡೋಣ?

ಇಂದು ನಮಗೆ ಡಚ್ಚರ ಭಯವಿಲ್ಲ, ಸೆರೆಯ ಭಯವಿಲ್ಲ. ಕೂಗಳತೆಯಲ್ಲಿ ಇಗರ್ಜಿ ಇದೆ, ಭಾನುವಾರ ಧರ್ಮೋಪದೇಶದ ತರಗತಿ ಇದೆ. ಬಹುಶಃ ಇದೇ ನಮ್ಮನ್ನು ಸೋಮಾರಿಗಳನ್ನಾಗಿ ಮಾಡಿದೆ. ಮಕ್ಕಳಿಗೆ ದೇವರ ವಿಷಯ ಕಲಿಸುವುದು ಫಾದರ್, ಸಿಸ್ಟರ್, ಟೀಚರ್‌ಗಳ ಕೆಲಸವೆಂದು ನಾವು ಕೈ ತೊಳೆದುಕೊಂಡಿದ್ದೇವೆ. ವಾರಕ್ಕೆ ಒಂದು ತಾಸಿನ ತರಗತಿ, ಉಳಿದೆಲ್ಲ ತಾಸುಗಳಲ್ಲಿ ಮನೆಯ ಪಾಠ. ಯಾವ ಪಾಠ ಗೆಲ್ಲುತ್ತದೆ ಎಂದು ಬೇರೆ ಹೇಳಬೇಕೇ?

ಸಂಜೆ ತೆರ್ಸ್ ಮುಗಿದ ಬಳಿಕ ಮಕ್ಕಳು ಸಾಲಾಗಿ ಬಂದು ಹಿರಿಯರಲ್ಲಿ ಬೆಸಾಂವ್ ಕೇಳುವ ಪದ್ಧತಿ ನಮ್ಮ ಮನೆಗಳಲ್ಲಿತ್ತು. ಹಗಲು ಬೈಗುಳ ತಿಂದ ಮಗನೂ ಆಗ ಅಪ್ಪನ ಮುಂದೆ ಕೈ ಮುಗಿಯಬೇಕು. ಬೈದ ಅಪ್ಪನೂ ಮಗನನ್ನು ಆಶೀರ್ವದಿಸಬೇಕು. ಒಂದು ದಿನದ ಸಿಟ್ಟು ಮರುದಿನಕ್ಕೆ ಹೋಗದಂತೆ ತಡೆಯುವ ಎಂತಹ ಸುಂದರ ಕಟ್ಟಳೆ! ಇಂದು ಎಷ್ಟು ಮನೆಗಳಲ್ಲಿ ಇದು ಉಳಿದಿದೆ? ಅಪ್ಪ ಒಂದು ಮೂಲೆಯಲ್ಲಿ ಮೊಬೈಲ್ ಹಿಡಿದಿರುತ್ತಾನೆ, ಮಗ ಇನ್ನೊಂದು ಮೂಲೆಯಲ್ಲಿ. ಅಮ್ಮ ಧಾರಾವಾಹಿಯ ಮುಂದೆ. ಅಜ್ಜಿ ಒಬ್ಬಳೇ ಒಳಕೋಣೆಯಲ್ಲಿ ಜಪಸರದ ಮಣಿ ಎಣಿಸುತ್ತಿರುತ್ತಾಳೆ. ಅವಳ ಕಾಲ ಮುಗಿದ ಮೇಲೆ ಆ ಜಪಸರ ಯಾರ ಕೈಗೆ?

ಕಷ್ಟಗಳಿಲ್ಲವೆಂದು ಹೇಳುವುದಿಲ್ಲ. ಗಂಡ ಹೆಂಡತಿ ಇಬ್ಬರೂ ದುಡಿದು ಬಸ್ಸಿನಲ್ಲಿ ನೇತಾಡಿಕೊಂಡು ಮನೆ ಸೇರುವಾಗ ಏಳೂವರೆ. ಮಕ್ಕಳಿಗೆ ಟ್ಯೂಷನ್, ಹೋಂವರ್ಕ್. ಎಷ್ಟೋ ಮನೆಗಳಲ್ಲಿ ಅಪ್ಪ ಇರುವುದೇ ಪರದೇಶದಲ್ಲಿ. ಐವತ್ಮೂರು ಮಣಿಗಳ ಪ್ರಾರ್ಥನೆ ಪ್ರತಿದಿನ ಸಾಧ್ಯವಾಗದಿದ್ದರೆ ಒಂದು ದಶಕವಾದರೂ ಸಾಕು, ಆದರೆ ಎಲ್ಲರೂ ಕೂಡಿ ಹೇಳಬೇಕು. ಪರದೇಶದ ಅಪ್ಪನೂ ಆ ಹತ್ತು ನಿಮಿಷ ಫೋನಿನಲ್ಲಿ ಸೇರಿಕೊಳ್ಳಬಹುದು. ಯಾವ ರಹಸ್ಯವನ್ನು ಧ್ಯಾನಿಸುತ್ತಿದ್ದೇವೆ ಎಂದು ಮಕ್ಕಳಿಗೆ ಎರಡು ಮಾತು ವಿವರಿಸೋಣ. ಬಾಯಿಪಾಠ ಬೇಗ ಮರೆತುಹೋಗುತ್ತದೆ, ಅರ್ಥ ತಿಳಿದದ್ದು ಉಳಿಯುತ್ತದೆ. ಊಟಕ್ಕೆ ಕೂತಾಗ ಇಗರ್ಜಿಯ, ಫಾದರರ, ನೆರೆಯವರ ದೂರು ಮಾತನಾಡುವುದನ್ನು ಬಿಡೋಣ. ವಾರಕ್ಕೊಮ್ಮೆ ವಾಡೊದ ಒಬ್ಬ ರೋಗಿಯ ಮನೆಗೆ ಮಕ್ಕಳನ್ನು ಕರೆದುಕೊಂಡು ಹೋಗೋಣ, ಯಾವ ಜಾತಿಯವರಾದರೂ ಸರಿ. ಜಪಸರ ಹೇಳಿ ಎದ್ದ ಮನೆಯಿಂದ ನೆರೆಮನೆಗೆ ಗಂಜಿ ಹೋಗದಿದ್ದರೆ ಆ ಪ್ರಾರ್ಥನೆ ಅರ್ಧಕ್ಕೇ ನಿಂತಂತೆ. ವಾಝರ ಬದುಕಿನಲ್ಲಿ ಈ ಎರಡನ್ನೂ ಬೇರೆ ಮಾಡಿ ನೋಡಲು ಸಾಧ್ಯವೇ ಇಲ್ಲ.

ಮುಡಿಪು ಗುಡ್ಡಕ್ಕೆ ಹೋಗಿ ಬಂದ ದಿನ ಸಂಜೆ ಮನೆಯಲ್ಲಿ ಒಂದು ಕೆಲಸ ಮಾಡೋಣ. ಕೊರಳಲ್ಲಿ ಜಪಸರ ಹಾಕಿಕೊಂಡ ಆ ಬರಿಗಾಲಿನ ಭಿಕ್ಷುಕ ನಮ್ಮ ಅಂಗಳದಲ್ಲಿ ನಿಂತಿದ್ದಾರೆಂದು ಎಣಿಸೋಣ. ಬಾಗಿಲು ತೆರೆಯಲು ಓಡಿದ್ದು ನಮ್ಮ ಮನೆಯ ಕಿರಿಯ ಮಗು. ಆ ಮಗುವಿಗೆ ಅವರ ಗುರುತು ಸಿಕ್ಕೀತೇ? ಈ ಪ್ರಶ್ನೆಗೆ ಉತ್ತರ ಆ ಮಗುವಿನ ಕೈಯಲ್ಲಿಲ್ಲ, ನಮ್ಮ ಕೈಯಲ್ಲಿದೆ.

ಸಂತ ಜೋಸೆಫ್ ವಾಝರೇ, ನಮ್ಮ ಕುಟುಂಬಗಳಿಗಾಗಿ ಪ್ರಾರ್ಥಿಸಿರಿ.